ಹೊಗೆ ಪರೀಕ್ಷೆಗೆ ಕೂತ ನಮ್ಮ ಗಾಡಿ

ಭೋಸರಿಯಲ್ಲಿ ನಮಗೆ ಗುರುವಾರವೇ ರವಿವಾರ. ಕಾರ್ಖಾನೆಗಳು ಅವತ್ತು ಸೂಟಿ ಮಾಡುತ್ತವೆ, ಅವುಗಳ ಬೆನ್ನಿಗೆ ನಮ್ಮ ಹಿಟ್ಟಿನ ಗಿರಣಿಯೂ ಬಾಗಿಲು ಹಾಕುತ್ತದೆ. ಆ ದಿನ ಬೆಳಿಗ್ಗೆ ನೀವೇನಾದರೂ ನಮ್ಮ ಓಣಿಗೆ ಬಂದರೆ, ಅರವತ್ತರ ಅಂಚಿನಲ್ಲಿರುವ, ಹೊಟ್ಟೆ ಸ್ವಲ್ಪ ಮುಂದೆ ಬಂದಿರುವ ಒಬ್ಬ ಮನುಷ್ಯ ನಳದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೊಳದುದ್ದದ ಒಂದು ಬಟ್ಟೆಯನ್ನು ಒಗೆಯುವುದು ಕಾಣುತ್ತದೆ. ಅದು ನಾನೇ. ನನ್ನ ಉಳಿದ ಬಟ್ಟೆಗಳೆಲ್ಲ ಮಷೀನಿಗೆ ಬೀಳುತ್ತವೆ. ಇದೊಂದನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ. ಓಣಿಯವರು ಮೊದಮೊದಲು ನಕ್ಕರು, ಈಗ ನಕ್ಕು ಬೇಸತ್ತು ಸುಮ್ಮನಾಗಿದ್ದಾರೆ.

ಬಟ್ಟೆ ಇಳಕಲ್ ಸೀರೆಯದು. ನೀಲಿ ಮೈ, ಸಣ್ಣ ಸಣ್ಣ ಚೌಕಡಿ, ಒಂದು ಬದಿಗೆ ಬೆರಳಗಲದ ಕೆಂಪು ದಡಿ. ಗಿರಣಿಯಲ್ಲಿ ನಿಂತಾಗ ಹಿಟ್ಟಿನ ದೂಳು ಒಳಗೆ ಹೋಗದಿರಲೆಂದು ಇದನ್ನು ಮೂಗಿಗೆ ಕಟ್ಟಿಕೊಳ್ಳುತ್ತೇನೆ. ಆದರೆ ನನ್ನ ಮೂಗಿಗೆ ಬರುವುದಕ್ಕೆ ಮುಂಚೆ ಇದು ಬಹಳ ವರ್ಷ ಇನ್ನೊಂದು ಮೂಗಿನ ಮೇಲಿತ್ತು. ಆ ಮೂಗು ನಮ್ಮ ಪಿಕಪ್ ಗಾಡಿಯದು. ಗಾಡಿಗೆ ಎಲ್ಲಿಯ ಮೂಗು ಎಂದು ಕೇಳಬೇಡಿ, ಹೇಳುತ್ತೇನೆ. ಆದರೆ ಗಾಡಿಯ ಮಾತು ಬಂದರೆ ಮೊದಲು ಅದರ ಗುಣಗಾನ ಆಗಬೇಕು, ವಿಷಯ ಆಮೇಲೆ. ಇದು ನನ್ನ ಹಳೆಯ ಚಾಳಿ. ನನ್ನ ಹೆಂಡತಿ ಶಾರದಾ ಇದಕ್ಕೆ "ಇವರ ಆರತಿ ಸುರು ಆತು" ಅನ್ನುತ್ತಾಳೆ.

ಹದಿನೇಳು ವರ್ಷದ ಗಾಡಿ ಅದು. ಹುಟ್ಟುವಾಗ ಬಿಳಿ ಬಣ್ಣದ್ದು, ಈಗ ಬಿಳಿಜೋಳದ ಬಣ್ಣಕ್ಕೆ ಬಂದಿದೆ. ಜೋಳದ ಹಿಟ್ಟಿನ ಚೀಲ ಹೊತ್ತು ರಾಂಜಣಗಾಂವದ ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಹೋಗುತ್ತದೆ, ಸ್ವಾರಗೇಟದ ಸುತ್ತಲಿನ ಖಾನಾವಳಿಗಳಿಗೆ ಹೋಗುತ್ತದೆ. ಹುಬ್ಬಳ್ಳಿ, ಬೆಳಗಾವಿಯ ಬಸ್ಸಿನಿಂದ ಇಳಿದ ನಮ್ಮ ಜನ ಕಣ್ಣುಜ್ಜಿಕೊಳ್ಳುತ್ತ ಮೊದಲು ರೊಟ್ಟಿ ಮುರಿಯುವುದು ಅಲ್ಲಿಯೇ, ಮತ್ತು ಆ ರೊಟ್ಟಿಯ ಹಿಟ್ಟು ನಮ್ಮ ಗಾಡಿಯಲ್ಲಿ ಹೋದದ್ದು. ಹಿಂದೆ ಚೀಲ ಇಳಿಸಲು ತೆರೆಯುವ ಫಾಳಕಿಯ ಮೇಲೆ "ಅವ್ವನ ಆಶೀರ್ವಾದ" ಎಂದು ಕನ್ನಡದಲ್ಲಿ ಬರೆಸಿದ್ದೇನೆ. ಪೇಂಟರನಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ರಂಗೋಲಿ ನೋಡಿ ತೆಗೆಯುವಂತೆ ತೆಗೆದ, ನನ್ನ ಅಕ್ಷರಕ್ಕಿಂತ ಚೆಂದ ಬಂತು. ಒಮ್ಮೆ ಸ್ವಾರಗೇಟದ ಸಿಗ್ನಲ್ಲಿನಲ್ಲಿ ಹಿಂದಿನ ಕಾರಿನವನು ಅದನ್ನು ಓದಿ ಇಳಿದೇ ಬಂದ. "ಯಾವೂರ್ರೀ ನಿಮ್ದು?" ಎಂದು ಕೇಳಿದ. ನಾನು ಬೈಲಹೊಂಗಲ ಎನ್ನುವಷ್ಟರಲ್ಲಿ ದೀಪ ಹಸಿರಾಗಿ, ನಮ್ಮಿಬ್ಬರ ಹಿಂದೆ ಅರ್ಧ ಪುಣೆ ಹಾರ್ನ್ ಹೊಡೆಯುತ್ತಿತ್ತು. ನನಗೇನೂ ನಾಚಿಕೆಯಾಗಲಿಲ್ಲ.

ಆ ಅವ್ವನ ವಿಷಯಕ್ಕೆ ಬರುತ್ತೇನೆ. ಅಪ್ಪ ಭೋಸರಿಗೆ ಬಂದದ್ದು ಟರ್ನರ್ ಕೆಲಸಕ್ಕೆ. ಅವ್ವ ಅವನ ಹಿಂದೆ ಒಂದು ಟ್ರಂಕು, ಒಂದು ರೊಟ್ಟಿಹಂಚು ಹಿಡಿದು ಬಂದಳು. ಚಾಳಿನ ಒಂದೇ ಕೋಣೆಯಲ್ಲಿ ನಮ್ಮ ಸಂಸಾರ. ಒಲೆಗೆ ಕಾರ್ಖಾನೆಗೆ ಸಾಮಾನು ತುಂಬಿ ಬಂದ ಖೋಕಿಗಳ ಹಲಗೆ. ಒಂದು ದಿನ ಎಣ್ಣೆ ಕುಡಿದಿರುತ್ತಿತ್ತು, ಇನ್ನೊಂದು ದಿನ ನೀರು. ಎರಡೂ ಒಲೆಗೆ ಆಗದವು. ಹಾಗಾಗಿ ಊದುಗೊಳವಿ ಇಲ್ಲದೆ ನಮ್ಮ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ. ಅದು ಅಪ್ಪ ಕಾರ್ಖಾನೆಯಿಂದ ತಂದ ಪೈಪಿನ ತುಂಡು. ತುಟಿಗೆ ಚುಚ್ಚದಂತೆ ಬಾಯಿಯ ಕಡೆಗೆ ಲೇತಿನ ಮೇಲೆ ನುಣುಪು ಮಾಡಿದ್ದ. ಅಷ್ಟು ನಾಜೂಕಿನ ಊದುಗೊಳವಿ ಇಡೀ ಚಾಳಿನಲ್ಲಿ ಇನ್ನೊಂದಿರಲಿಲ್ಲ.

ಊದುವ ಕೆಲಸ ನನ್ನದು. ಅವ್ವ ರೊಟ್ಟಿ ಬಡಿಯುತ್ತ, ಒಲೆಯ ಕಡೆ ಕತ್ತು ತಿರುಗಿಸದೆ, ಹೊಗೆಯ ಬಣ್ಣ ನೋಡಿಯೇ ಹುಕುಂ ಮಾಡುತ್ತಿದ್ದಳು. "ಬಿಳಿ ಹೊಗಿ ಬಂದ್ರ ಕಟಗಿ ಹಸಿ ಅಂತ ತಿಳಿ. ಕರಿ ಹೊಗಿ ಬಂದ್ರ ಒಲಿಗೆ ಉಸಿರು ಸಾಲವಲ್ದು. ಬಾಯಿ ತುಂಬ ಹಲಗಿ ತುರುಕಿದ್ರ ಅದು ಉಸಿರು ಹೆಂಗ ತಗೋಬೇಕು? ಸ್ವಲ್ಪ ಹಿಂದಕ್ಕ ಸರಿಸು, ಊದು." ನಾನು ಕಣ್ಣು ಮೂಗು ಸುರಿಸಿಕೊಂಡು ಊದುತ್ತಿದ್ದೆ. ಶಾಲೆಯಲ್ಲಿ ನನಗೆ ಬಿದ್ದ ಮಾರ್ಕುಗಳಿಗೆಲ್ಲ ಆ ಹೊಗೆಯೇ ಕಾರಣ ಎಂದು ಇಂದಿಗೂ ಹೇಳುತ್ತೇನೆ. ನನ್ನ ತಂಗಿಯೂ ಅದೇ ಹೊಗೆಯಲ್ಲಿ ಕೂತು ವರ್ಗಕ್ಕೆ ಮೊದಲು ಬರುತ್ತಿದ್ದಳು ಎಂಬುದು ಬೇರೆ ಮಾತು.

ಆಮೇಲೆ ಅವ್ವ ಗಿರಣಿಗೆ ಕೆಲಸಕ್ಕೆ ಹೋದಳು. ಮುಂದೆ ಅದೇ ಗಿರಣಿ ನಮ್ಮದಾಯಿತು, ಆದರೆ ಕೆಲಸ ಮಾತ್ರ ಬದಲಾಗಲಿಲ್ಲ. ಸಂಜೆ ಅವಳು ಮನೆಗೆ ಬರುವಾಗ ಹುಬ್ಬು ಬೆಳ್ಳಗೆ, ರೆಪ್ಪೆ ಬೆಳ್ಳಗೆ, ತಲೆಯೆಲ್ಲ ಬೆಳ್ಳಗೆ. ನಾನು ಅವ್ವನನ್ನು ಮುದುಕಿಯಾಗಿ ಮೊದಲು ನೋಡಿದ್ದು ಅವಳ ಮೂವತ್ತೈದನೆಯ ವಯಸ್ಸಿನಲ್ಲಿ. ಮುಖ ತೊಳೆದರೆ ಪ್ರಾಯ ಮರಳಿ ಬರುತ್ತಿತ್ತು. ಕೆಮ್ಮು ಮಾತ್ರ ತೊಳೆದರೆ ಹೋಗಲಿಲ್ಲ. ಎದೆಗೆ ಹಿಟ್ಟು ಕೂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಳ್ಳಲು ಶುರು ಮಾಡಿದಳು. "ಈ ಬುದ್ಧಿ ನನಗ ಭಾಳ ತಡ ಆಗಿ ಬಂತು" ಎಂದು ಆಗಾಗ ಅನ್ನುತ್ತಿದ್ದಳು.

ಪಿಕಪ್ ಮನೆಗೆ ಬಂದ ದಿನ ಅವ್ವ ಆರತಿ ಮಾಡಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಡಿಸಿ, ಗಾಡಿಯನ್ನು ಒಂದು ಸುತ್ತು ಹಾಕಿದಳು. ನಮ್ಮ ಬಾಳೂ ಮಿಸ್ತ್ರಿ ಅಲ್ಲೇ ನಿಂತಿದ್ದ. ಎದುರು ಗಲ್ಲಿಯಲ್ಲಿ ಗ್ಯಾರೇಜು ಇಟ್ಟಿರುವ ಮರಾಠಿ ಮನುಷ್ಯ, ಗಾಡಿಯ ಹುಟ್ಟಿದಾರಭ್ಯದ ಡಾಕ್ಟರು ಅವನೇ. "ಇದು ಉಸಿರು ಎಲ್ಲಿಂದ ತಗೋತದ, ಕೇಳವಂಗ" ಅಂದಳು ಅವ್ವ. ನಾನು ಮರಾಠಿಯಲ್ಲಿ ಕೇಳಿದೆ. ಬಾಳೂ ನಗುತ್ತಲೇ ಬಾನೆಟ್ಟು ಎತ್ತಿ, ಪಕ್ಕದಲ್ಲಿ ಒಂದು ಕೊಳವೆಯ ಬಾಯಿ ತೋರಿಸಿದ. ಇಂಜಿನ್ನು ಗಾಳಿ ಎಳೆದುಕೊಳ್ಳುವುದು ಅಲ್ಲಿಂದ. ಮುಂದೆ ಒಳಗೆ ಫಿಲ್ಟರು ಇದೆ, ದೂಳು ಅಲ್ಲಿಯೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದ.

"ಇರ್ಲಿ ಅವನ ಫಿಲ್ಟರು," ಅಂದಳು ಅವ್ವ. "ದಿನಾ ನಮ್ಮ ಹಿಟ್ಟಿನಾಗ ನಿಂದ್ರೂ ಜೀವ ಇದು. ಇದರ ಎದಿಗೆ ಹಿಟ್ಟು ಕೂಡಬಾರದು." ಒಳಗೆ ಹೋಗಿ ತನ್ನ ಹಳೆಯ ಇಳಕಲ್ ಸೀರೆಯ ತುಂಡು ಹರಿದು ತಂದು ಆ ಬಾಯಿಗೆ ಬಿಗಿಯಾಗಿ ಕಟ್ಟಿದಳು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ನಮ್ಮ ಓಣಿಯ ಗಾಡಿಗಳಿಗೆಲ್ಲ ಹೊಸ ಲಿಂಬೆಹಣ್ಣು ಮೆಣಸಿನಕಾಯಿ ಬಂದರೆ, ನಮ್ಮ ಗಾಡಿಗೆ ಅದರ ಜೊತೆಗೆ ಒಗೆದ ಮೂಗುಪಟ್ಟಿಯೂ ಬರುತ್ತಿತ್ತು. ಅವ್ವ ಗಂಟು ಬಿಚ್ಚಿ, ಒಗೆದು, ಒಣಗಿಸಿ, ಮತ್ತೆ ಕಟ್ಟುವಳು. ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ.

ಅವ್ವ ತೀರಿಕೊಂಡು ಆರು ವರ್ಷವಾಯಿತು. ಅವಳು ಹೋದ ಮೇಲಿನ ಮೊದಲ ಅಮಾವಾಸ್ಯೆಗೆ ನಾನು ಬಾನೆಟ್ಟು ಎತ್ತಿ ನೋಡಿದೆ. ಬಟ್ಟೆಯ ಮೇಲೆ ಅವಳು ಹಾಕಿದ ಗಂಟು ಹಾಗೇ ಇತ್ತು. ಬಿಚ್ಚಲು ಕೈ ಬರಲಿಲ್ಲ. ಅರಿಷಿಣ ಕುಂಕುಮ ಹಚ್ಚಿ ಕೈಮುಗಿದು ಬಾನೆಟ್ಟು ಮುಚ್ಚಿದೆ. ಅದೇ ರೂಢಿಯಾಯಿತು. ಅಮಾವಾಸ್ಯೆಗೊಮ್ಮೆ ಅರಿಷಿಣ ಕುಂಕುಮ; ದಸರೆಯ ಖಂಡೇ ಪೂಜೆಗೆ ಗಂಧ, ಅಕ್ಷತೆ, ಮೇಲಿಷ್ಟು ತೆಂಗಿನಕಾಯಿಯ ನೀರು. ತಾಯಿಯನ್ನು ಇಷ್ಟು ನೆನೆಯುವ ಮಗ ಇನ್ನೊಬ್ಬನಿಲ್ಲ ಎಂದು ನನಗೆ ನನ್ನ ಮೇಲೆಯೇ ಅಭಿಮಾನ ಬರುತ್ತಿತ್ತು.

ಗಾಡಿ ಮೆಲ್ಲಗೆ ಹೊಗೆ ಬಿಡಲು ಶುರು ಮಾಡಿತು. ಏರು ಬಂದರೆ ಏದುಸಿರು. ಕಳೆದ ಬಾರಿ ಹೊಗೆ ಪರೀಕ್ಷೆಯಲ್ಲಿ ಅಂಚಿಗೆ ಪಾಸಾಗಿತ್ತು. ಈ ಸಲ ಪರೀಕ್ಷೆಯ ಹಿಂದೆಯೇ, ಗಾಡಿ ಇನ್ನೂ ರಸ್ತೆಗೆ ಯೋಗ್ಯ ಎಂದು ಬರೆಸಿಕೊಳ್ಳುವ ಆರ್‌ಟಿಓ ಪಾಸಿಂಗ್ ಇತ್ತು, ನಡುವೆ ಉಳಿದದ್ದು ಹದಿನೈದು ದಿನ. ಹೊಗೆಯ ಚೀಟಿ ಇಲ್ಲದಿದ್ದರೆ ಪಾಸಿಂಗ್ ಇಲ್ಲ; ಪಾಸಿಂಗ್ ಇಲ್ಲದ ಹದಿನೇಳು ವರ್ಷದ ಗಾಡಿಗೆ ಉಳಿಯುವುದು ಗುಜರಿಯ ದಾರಿ ಒಂದೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವ ಕೈಮುಟ್ಟಿ ಬರಮಾಡಿಕೊಂಡ ಗಾಡಿಯನ್ನು ನನ್ನ ಕಣ್ಣೆದುರು ಗ್ಯಾಸ್ ಕಟರಿನಿಂದ ಕೊಯ್ಯುವುದನ್ನು ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ತಯಾರಿ ಶುರು ಮಾಡಿದೆ. ಸಲಹೆ ಕೊಡುವುದರಲ್ಲಿ ಪುಣೆಯವರು ಕೈ ಬಿಗಿ ಹಿಡಿಯುವವರಲ್ಲ, ಭೋಸರಿಯವರಂತೂ ಸ್ವತಃ ಮಷೀನು ನಡೆಸುವವರು. ಡೀಸೆಲ್ ಟ್ಯಾಂಕಿಗೆ ಬಾಟಲಿಯ ಔಷಧ ಹಾಕು ಎಂದರು, ಹಾಕಿದೆ. ಆಯಿಲ್ ಬದಲಿಸು ಎಂದರು, ಬದಲಿಸಿದೆ. ಹೈವೇಯಲ್ಲಿ ಜೋರಾಗಿ ಓಡಿಸಿದರೆ ಸೈಲೆನ್ಸರಿನೊಳಗಿನ ಮಸಿ ಹಾರಿಹೋಗುತ್ತದೆ ಎಂದರು. ರಾಂಜಣಗಾಂವದವರೆಗೆ ಬಿಟ್ಟೂಬಿಡದೆ ಓಡಿಸಿ, ಅಲ್ಲಿ ಗಣಪತಿಗೆ ಕಾಯಿ ಒಡೆಸಿ ಬಂದೆ. ಬಾಳೂ ಮಿಸ್ತ್ರಿ ನಾಝಲ್ ಬಿಚ್ಚಿ ತೊಳೆದ, ಫಿಲ್ಟರು ಬದಲಿಸಿದ. "ಕಾಕಾ, ಇಂಜಿನ್ ಠಣಠಣೀತ ಆಹೇ," ಅಂದ. ಇಂಜಿನ್ನು ಕಲ್ಲಿನಂತಿದೆ, ಹೊಗೆ ಯಾಕೆ ಎಂದು ಮಾತ್ರ ಅವನಿಗೂ ತಿಳಿಯಲಿಲ್ಲ. ಪರೀಕ್ಷೆಯ ಬೆಳಿಗ್ಗೆ ನಾನು ಗಾಡಿಗೆ ಶಾಂಪೂ ಹಾಕಿ ಸ್ನಾನ ಮಾಡಿಸಿದೆ, ಬಂಪರಿಗೆ ಕರಿ ಪಾಲಿಶ್ ತಿಕ್ಕಿದೆ. ಪರೀಕ್ಷೆಗೆ ಹೊರಟವರ ಕೈಗೆ ಮೊಸರು ಸಕ್ಕರೆ ಹಾಕುವುದು ರೂಢಿ. ಗಾಡಿಗೆ ಕೈ ಇಲ್ಲದ್ದರಿಂದ ಬಾನೆಟ್ಟಿನ ಮೇಲೆ ಒಂದು ಚಮಚ ಸುರಿದೆ. ಶಾರದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಪರೀಕ್ಷೆ ನಡೆಯುವುದು ಪೆಟ್ರೋಲ್ ಪಂಪಿನ ಪಕ್ಕದಲ್ಲಿ ನಿಲ್ಲಿಸಿದ ಹಳೆಯ ವ್ಯಾನಿನಲ್ಲಿ. ಕನ್ನಡಕದ ಮನುಷ್ಯನೊಬ್ಬ ಗಾಡಿಯ ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ, ಕಂಪ್ಯೂಟರಿನ ಮುಂದೆ ಕೂತು, "ರೇಸ್ ದ್ಯಾ, ಕಾಕಾ," ಅಂದ. ಆಕ್ಸಿಲರೇಟರು ಒತ್ತಿದೆ. ಹಿಂದೆ ಏನಾಯಿತೆಂದು ನನಗೆ ಕಾಣಲಿಲ್ಲ. ಆದರೆ ಪಕ್ಕದ ಚಹಾದಂಗಡಿಯವನು ಓಡಿ ಬಂದು ಹಾಲಿನ ಪಾತ್ರೆಗೆ ತಾಟು ಮುಚ್ಚಿದ್ದು ಕೇಳಿಸಿತು. ನನ್ನ ಮಾನ ಆ ತಾಟಿನ ಸದ್ದಿನಲ್ಲಿಯೇ ಹೋಯಿತು. ಕನ್ನಡಕದವನು ಕೆಳಗಿಳಿದು ಬಂದು, "ಫೇಲ್ ಆಹೇ, ಕಾಕಾ. ವಯ ಝಾಲಂ," ಅಂದ. ವಯಸ್ಸಾಯಿತು ಎನ್ನುವಾಗ ಅವನು ಗಾಡಿಯನ್ನು ನೋಡದೆ ನನ್ನನ್ನು ನೋಡಿದ.

ಮನೆಗೆ ಬಂದು ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಶಾರದಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನಂದ್ರು?"

"ವಯಸ್ಸಾತಂತ. ಗುಜರಿಗೆ ಹಾಕೂದೇ."

"ಒಮ್ಮೆ ಚಾಲೂ ಮಾಡ್ರಿ, ನೋಡ್ತೀನಿ."

ನನಗೆ ಸಿಟ್ಟು ಬಂತು. ಬಾಳೂ ಮಿಸ್ತ್ರಿಯಂಥವನು ನೋಡಿ ಬಿಟ್ಟದ್ದನ್ನು ಇವಳೇನು ನೋಡುವುದು. ಆದರೂ ಚಾಲೂ ಮಾಡಿ ರೇಸ್ ಕೊಟ್ಟೆ. ಅವಳು ಸೈಲೆನ್ಸರಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು, ಒಲೆಯ ಮುಂದೆ ನಿಂತಂತೆ ನಿಂತಿದ್ದಳು. ಬಂದ್ ಮಾಡಿರಿ ಎಂದು ಕೈ ಮಾಡಿದಳು.

"ಕರಿ ಹೊಗಿ ಅದ ಅಲ್ಲೇನ್ರಿ?"

"ಹೌದು. ಅದಕ್ಕೇ ಫೇಲಾದದ್ದು."

"ಕರಿ ಹೊಗಿ ಅಂದ್ರ ಉಸಿರು ಸಾಲವಲ್ದು. ನಿಮ್ಮವ್ವ ನನಗ ಕಲಿಸಿದ ಮೊದಲನೇ ಪಾಠ ಇದು. ನಿಮಗ ಕಲಿಸಿದ್ದಿಲ್ಲೇನು?" ಅಂದಳು. ಆಮೇಲೆ ಮೆಲ್ಲಗೆ, "ಬಾನೆಟ್ ಎತ್ರಿ," ಅಂದಳು.

ಎತ್ತಿದೆ. ಇಬ್ಬರೂ ನೋಡಿದೆವು. ಅಮಾವಾಸ್ಯೆಗೊಮ್ಮೆ ನೋಡುತ್ತಿದ್ದದ್ದನ್ನು ಅವತ್ತು ಮೊದಲ ಸಲ ನೋಡಿದೆ. ಬಟ್ಟೆ ಎಂಬುದೇ ಅಲ್ಲಿರಲಿಲ್ಲ. ಆರು ವರ್ಷದ ಅರಿಷಿಣ, ಕುಂಕುಮ, ಗಂಧ, ಅಕ್ಷತೆ, ತೆಂಗಿನ ನೀರು, ಅದರ ಮೇಲೆ ನಮ್ಮದೇ ಗಿರಣಿಯ ಹಿಟ್ಟು ಎಲ್ಲ ಕೂಡಿ ಒಣಗಿದ ಹಪ್ಪಳದಂತೆ ಬಿರುಸಾಗಿತ್ತು. ಶಾರದಾ ಬೆರಳಿನಿಂದ ಬಡಿದಳು. ಟಕ್ ಟಕ್ ಎಂದಿತು. ಒಂದು ಅಂಚು ಸ್ವಲ್ಪ ಹರಿದಿತ್ತು. ಪಾಪ, ನಮ್ಮ ಗಾಡಿ ಇಷ್ಟು ದಿನ ಆ ಸಂದಿಯಿಂದಲೇ ಉಸಿರಾಡಿತ್ತು.

ಅಷ್ಟರಲ್ಲಿ ಬಾಳೂ ಮಿಸ್ತ್ರಿ ಬಂದ. ಇದನ್ನು ನೀನು ನೋಡಿರಲಿಲ್ಲವೇ ಎಂದು ಕೇಳಿದೆ. "ಪಾಹಿಲಂ ಹೋತಂ, ಕಾಕಾ. ಪಣ ದೇವಾಚಂ ಆಹೇ ಮ್ಹಣೂನ ಹಾತ ನಾಹೀ ಲಾವಲಾ," ಎಂದು ಕಿವಿ ಮುಟ್ಟಿಕೊಂಡ. ನೋಡಿದ್ದನಂತೆ. ದೇವರದ್ದೆಂದು ಕೈ ಹಚ್ಚಿರಲಿಲ್ಲವಂತೆ. ಆರು ವರ್ಷ ಪ್ರತಿ ಸರ್ವಿಸಿಂಗಿಗೂ ಅದಕ್ಕೆ ಕೈಮುಗಿದು ಪಕ್ಕದ ಬೋಲ್ಟು ಬಿಚ್ಚುತ್ತಿದ್ದ. ಅವನ ಮೇಲೆ ಸಿಟ್ಟಾಗುವ ಮುಖ ನನಗಿರಲಿಲ್ಲ, ಅದನ್ನು ದೇವರು ಮಾಡಿದವನು ನಾನೇ.

ಬಿಚ್ಚಬೇಕು ಎಂದಾಗ ಮಾತ್ರ ನನ್ನ ಕೈ ಮತ್ತೆ ನಿಂತಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅಳು ಬಂತು. ಆ ಗಂಟು ಅವ್ವನ ಕೈಯಿಂದ ಬಿದ್ದ ಕಡೆಯ ಗಂಟು. ಅವಳ ಸೀರೆಗಳು ಹಂಚಿಹೋಗಿದ್ದವು, ಹಂಚು ತಂಗಿಯ ಮನೆ ಸೇರಿತ್ತು, ಊದುಗೊಳವಿ ಯಾವಾಗಲೋ ಕಳೆದಿತ್ತು. ಅವಳು ಮಾಡಿಟ್ಟು ಹಾಗೇ ಉಳಿದದ್ದು ಅದೊಂದೇ.

"ಗಂಟು ಬಿಚ್ಚಿದ್ರ ಅತ್ತಿ ಹೋಗೂದಿಲ್ರಿ," ಅಂದಳು ಶಾರದಾ. "ಗಾಡಿ ಹೋತಂದ್ರ ಹೋತು."

ನಾನು ಹಿಂದೆ ಸರಿದೆ. ಅವಳು ತಲೆಯಿಂದ ಒಂದು ಪಿನ್ನು ತೆಗೆದು, ಗಂಟಿನ ಎಳೆ ಎಳೆ ಸಡಿಲಿಸಿ, ಎಲ್ಲಿಯೂ ಕತ್ತರಿಸದೆ ಬಿಚ್ಚಿದಳು. ಅದಕ್ಕೆ ಅರ್ಧ ತಾಸು ಹಿಡಿಯಿತು. ಬಾಳೂ ಮಿಸ್ತ್ರಿ ಕೂಡ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು ನೋಡುತ್ತ ನಿಂತಿದ್ದ.

ಬಕೆಟ್ಟಿನಲ್ಲಿ ನೆನೆ ಹಾಕಿದೆವು. ಮೊದಲ ನೀರು ಕೆಂಪಗೆ ಬಂತು. ಎರಡನೆಯದು ಹಳದಿ. ಮೂರನೆಯದು ಬೂದಿ ಬಣ್ಣ, ಅದು ಹಿಟ್ಟಿನದು. ನಾಲ್ಕನೆಯ ನೀರಿಗೆ ನೀಲಿ ಚೌಕಡಿ ಕಂಡಿತು, ಕೆಂಪು ದಡಿ ಕಂಡಿತು. ಅವ್ವ ಒಲೆಯ ಮುಂದೆ ಕೂತಾಗ ನನ್ನ ಮುಖದ ಮಟ್ಟಕ್ಕೆ ಇರುತ್ತಿದ್ದ ಸೀರೆ ಅದೇ. ಅವ್ವ ಅದನ್ನು ತಿಂಗಳಿಗೊಮ್ಮೆ ಒಗೆಯುತ್ತಿದ್ದಳು. ನಾನು ತಿಂಗಳಿಗೊಮ್ಮೆ ಅದಕ್ಕೆ ಕುಂಕುಮ ಹಚ್ಚಿದೆ. ಅವಳ ಬುದ್ಧಿಯಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನ ಭಕ್ತಿಯದು. ಹಗ್ಗದ ಮೇಲೆ ಹರವುತ್ತ ನಾನು, ಒಣಗಿದ ಮೇಲೆ ಮತ್ತೆ ಗಾಡಿಗೇ ಕಟ್ಟೋಣ ಎಂದೆ.

"ಬ್ಯಾಡ್ರಿ. ಗಾಡಿಗೆ ಫಿಲ್ಟರ್ ಅದ," ಅಂದಳು ಶಾರದಾ. "ನಿಮಗ ಏನದ?"

ಮೂಗಿಗೆ ಸೆರಗು ಕಟ್ಟಿಕೊಳ್ಳುವುದು ಹೆಂಗಸರ ಕೆಲಸ ಎಂದು ನಲವತ್ತು ವರ್ಷ ಗಿರಣಿಯಲ್ಲಿ ಬರಿಮೂಗಿನಿಂದ ನಿಂತವನು ನಾನು. ಇತ್ತೀಚೆಗೆ ನನಗೂ ಬೆಳಗಿನ ಹೊತ್ತು ಕೆಮ್ಮು ಬರುತ್ತಿತ್ತು. ಅದು ಅವಳಿಗೆ ಕೇಳಿಸುವುದಿಲ್ಲ ಎಂದು ತಿಳಿದಿದ್ದೆ.

ಮೂರು ದಿನ ಬಿಟ್ಟು ಅದೇ ವ್ಯಾನಿಗೆ ಹೋದೆವು. ಈ ಸಲ ಶಾಂಪೂ ಇಲ್ಲ, ಪಾಲಿಶ್ ಇಲ್ಲ, ಮೊಸರು ಸಕ್ಕರೆಯೂ ಇಲ್ಲ. ಶಾರದಾ ಮಾತ್ರ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಚಹಾದಂಗಡಿಯವನು ನಮ್ಮನ್ನು ಕಂಡವನೇ ಮೊದಲೇ ತಾಟು ಕೈಗೆ ತೆಗೆದುಕೊಂಡ. ಕೊಳವೆ ಸಿಕ್ಕಿಸಿದರು. ರೇಸ್ ದ್ಯಾ ಎಂದರು. ಒತ್ತಿದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಒತ್ತಿದೆ. ಇಂಜಿನ್ನಿನ ಸದ್ದು ತೆರೆದ ಗಂಟಲಿನಿಂದ ಬರುತ್ತಿತ್ತು, ಆ ದನಿಯನ್ನು ನಾನು ಮರೆತೇಬಿಟ್ಟಿದ್ದೆ. ತಾಟಿನ ಸದ್ದು ಕೇಳಲೇ ಇಲ್ಲ. ಕನ್ನಡಕದವನು ಕಂಪ್ಯೂಟರನ್ನು ನೋಡಿದ, ಗಾಡಿಯ ನಂಬರನ್ನು ನೋಡಿದ, ಕೊಳವೆ ತೆಗೆದು ಮತ್ತೆ ಸಿಕ್ಕಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿದ. ಆಮೇಲೆ ಚೀಟಿ ಹರಿದು ನನ್ನ ಕೈಗೆ ಕೊಟ್ಟು, "ಕಾಕಾ, ನವೀನ ಇಂಜಿನ್ ಟಾಕಲಂ ಕಾ?" ಎಂದ. ಹೊಸ ಇಂಜಿನ್ ಹಾಕಿಸಿದಿರೇನು ಎಂದು ಅವನ ಪ್ರಶ್ನೆ.

"ನಾಹೀ ರೇ ಬಾಬಾ," ಎಂದೆ, "ಆಯೀಚಂ ಲುಗಡಂ ಧುತಲಂ." ಇಲ್ಲಪ್ಪ, ನಮ್ಮವ್ವನ ಸೀರೆ ಒಗೆದೆವು.

ಅವನು ನಗಬೇಕೋ ಬೇಡವೋ ತಿಳಿಯದೆ ಶಾರದಾಳ ಮುಖ ನೋಡಿದ. ಅವಳು ಹೌದು ಎಂದು ಗೋಣು ಹಾಕಿದಳು.

ಆ ಚೀಟಿ ಹಿಡಿದು ನಾಲ್ಕು ದಿನಕ್ಕೆ ಪಾಸಿಂಗೂ ಆಯಿತು. ಊರಿನ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದೇನೆ, ಎರಡೆರಡು ಸಲ ಕೇಳಿಸಿಕೊಂಡವರೂ ಇದ್ದಾರೆ. ಈಗ ನಿಮಗೂ ಹೇಳಿದ್ದಾಯಿತು. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಹೊಗೆ ಪರೀಕ್ಷೆ ಮುಗಿಸಿ ಮನೆಗೆ ಬಂದ ಆ ಮಧ್ಯಾಹ್ನ. ಚೀಟಿ ನನ್ನ ಅಂಗಿಯ ಕಿಸೆಯಲ್ಲಿತ್ತು. ಫ್ಲೈಓವರಿನ ಏರನ್ನು ಗಾಡಿ ಗೇರು ಬದಲಿಸದೆ ಹತ್ತುತ್ತಿತ್ತು. ನಾನು ಅದನ್ನೇ ಹೊಗಳಲು ಶುರು ಮಾಡಿದ್ದೆ. ಶಾರದಾ ತನ್ನ ಕಡೆಯ ಕನ್ನಡಿಯನ್ನು ನೋಡುತ್ತಿದ್ದಳು.

"ಆರತಿ ಸಾಕು, ಹಿಂದ ನೋಡ್ರಿ," ಅಂದಳು.

ಕನ್ನಡಿಯಲ್ಲಿ ನೋಡಿದೆ. ಹಿಂದೆ ಬರುತ್ತಿದ್ದ ಸ್ಕೂಟರಿನ ಹೆಂಗಸು ಮುಖಕ್ಕೆ ಸುತ್ತಿದ ಓಢಣಿ ಸಡಿಲಿಸಿಕೊಂಡು ಗಾಳಿಗೆ ಮುಖ ಕೊಟ್ಟಿದ್ದಳು. ಅವಳ ಹಿಂದೆ ಬಸ್ಸು, ಬಸ್ಸಿನ ಮೇಲೆ ತಿಳಿಯಾದ ಆಕಾಶ.

"ಏನೂ ಕಾಣವಲ್ದಲ್ಲ," ಎಂದೆ.

"ಅದನ್ನ ನೋಡ್ರಿ," ಅಂದಳು ಶಾರದಾ.